ಟೆಂಟ್ ಎಲ್ಲಿ ಹೊಡೆಯುವುದು? ನಮ್ಮ ಮನೆ ಗುಂಪಿನ ಒಂದು ಜಗಳ

ಮಲ್ಪೆಯ ನಮ್ಮ ಮನೆಮಂದಿಯ ವಾಟ್ಸಾಪ್ ಗುಂಪಿನಲ್ಲಿ ಶನಿವಾರ ನಡೆದದ್ದು ಇದು. ಎದುರು ಸಿಕ್ಕರೆ ನಾವು ಮಾತಾಡುವುದು ತುಳು. ಗುಂಪಿನಲ್ಲಿ ಮಾತ್ರ ಕನ್ನಡ, ಟೈಪ್ ಮಾಡಲಿಕ್ಕೆ ಎಲ್ಲರಿಗೂ ಅದೇ ಅಭ್ಯಾಸ. ಶುಭೋದಯದ ಹೂಗಳನ್ನೂ ದುಬೈ ಚಿಕ್ಕಪ್ಪನ ಫಾರ್ವರ್ಡ್‌ಗಳನ್ನೂ ತೆಗೆದಿದ್ದೇನೆ. ಹೆಸರುಗಳು ನನ್ನ ಫೋನಿನಲ್ಲಿ ಇರುವ ಹಾಗೆ.

ಪುಟ್ಟ ಬೆಂಗಳೂರು: (ಪೋಸ್ಟರ್) ಲಕ್ಷದ್ವೀಪದ ಬಂಗಾರಂ. ಬೀಚಿನ ಮೇಲೆಯೇ ಟೆಂಟ್, ಬಾಗಿಲು ತೆರೆದರೆ ನೀರು. ಫೆಬ್ರವರಿಗೆ ಎಲ್ಲರೂ ಒಟ್ಟಿಗೆ ಹೋಗುವ. ಇವತ್ತು ಸಂಜೆಯೊಳಗೆ ಅಡ್ವಾನ್ಸ್ ಹಾಕಿದರೆ ರಿಯಾಯಿತಿ ಉಂಟಂತೆ.

ಮಲ್ಪೆ ಅತ್ತೆ: ಚಂದ ಉಂಟು. ನಾನು ರೆಡಿ.

ಸುರತ್ಕಲ್ ಅಕ್ಕ: ಅಂಡಮಾನ್ ಅಂತ ಅಲ್ವಾ ಮಾತಾಗಿದ್ದು? ಹ್ಯಾವ್‌ಲಾಕ್ ಹ್ಯಾವ್‌ಲಾಕ್ ಅಂತ ನೀನೇ ಕುಣಿದದ್ದು.

ಪುಟ್ಟ ಬೆಂಗಳೂರು: ಅಕ್ಕಾ, ಅದು ಈಗ ಸ್ವರಾಜ್ ದ್ವೀಪ. 2018ರಲ್ಲೇ ಹೆಸರು ಬದಲಾಗಿದೆ.

ಸುರತ್ಕಲ್ ಅಕ್ಕ: ಹೆಸರು ಬದಲಾದರೆ ದ್ವೀಪ ಬೇರೆ ಕಡೆ ಹೋಗುತ್ತದಾ?

ಸುರತ್ಕಲ್ ಭಾವ: ಪುಟ್ಟ, ಆ ಫೋಟೋ ದೊಡ್ಡದು ಮಾಡಿ ನೋಡು. ಟೆಂಟಿನ ಹಿಂದೆ ಒಂದು ಕಪ್ಪು ಗೆರೆ ಉಂಟಲ್ಲ, ಅದು ಎಂತ?

ಪುಟ್ಟ ಬೆಂಗಳೂರು: ಕಸ ಇರಬೇಕು ಭಾವ. ಗುಡಿಸಿರಲಿಕ್ಕಿಲ್ಲ.

ಸುರತ್ಕಲ್ ಭಾವ: ಕಸವೇ. ಒಣಗಿದ ಪಾಚಿ, ತೆಂಗಿನ ಸಿಪ್ಪೆ, ಬಲೆಯ ತುಂಡು, ಒಂದು ಚಪ್ಪಲಿ. ಅದನ್ನೆಲ್ಲ ಅಲ್ಲಿ ಸಾಲಾಗಿ ಇಟ್ಟು ಹೋದದ್ದು ಕಡಲು. ಭರತದಲ್ಲಿ ನೀರು ಅಲ್ಲಿಯ ತನಕ ಬರುತ್ತದೆ ಅಂತ ಅರ್ಥ. ಟೆಂಟ್ ಇರುವುದು ಆ ಗೆರೆಗಿಂತ ಈಚೆ, ನೀರಿನ ಬದಿಗೆ. ಫೋಟೋ ತೆಗೆದವ ಇಳಿತದಲ್ಲಿ ತೆಗೆದು ಮನೆಗೆ ಹೋಗಿದ್ದಾನೆ. ರಾತ್ರಿ ಅದರೊಳಗೆ ಮಲಗಿದವರು ಹಾಸಿಗೆ ಎತ್ತಿಕೊಂಡು ಓಡಬೇಕು.

ಪುಟ್ಟ ಬೆಂಗಳೂರು: ಅಷ್ಟೆಲ್ಲ ಏರುವುದಿಲ್ಲ ಭಾವ. ಹವಳದ ದಿಬ್ಬದ ಒಳಗಿನ ಲಗೂನ್ ಅದು, ತೆರೆಯೇ ಇಲ್ಲ.

ಸುರತ್ಕಲ್ ಭಾವ: ತೆರೆ ಇಲ್ಲದಿದ್ದರೆ ನೀರು ಏರುವುದಿಲ್ಲವಾ? ಹವಳದ ದಿಬ್ಬ ತಡೆಯುವುದು ತೆರೆಯನ್ನು, ಭರತವನ್ನು ಅಲ್ಲ. ಬುಕ್ ಮಾಡುವುದು ಯಾವ ತಾರೀಕಿಗೆ?

ಪುಟ್ಟ ಬೆಂಗಳೂರು: ಹುಣ್ಣಿಮೆಗೆ. ಬೆಳದಿಂಗಳು ಸಿಗಲಿ ಅಂತ.

ಸುರತ್ಕಲ್ ಭಾವ: ಶಾಭಾಸ್. ನೀರು ಅತಿ ಜಾಸ್ತಿ ಏರುವ ದಿನವನ್ನೇ ಹುಡುಕಿದ್ದಾನೆ. ಅಮಾವಾಸ್ಯೆ, ಹುಣ್ಣಿಮೆ ಅಂದರೆ ದೊಡ್ಡ ಭರತ ಅಂತ ಮಲ್ಪೆಯಲ್ಲಿ ಹುಟ್ಟಿದ ಮಕ್ಕಳಿಗೆ ಗೊತ್ತಿರುತ್ತದೆ. ಅಷ್ಟು ಬೇಗ ಬೆಂಗಳೂರಿನವ ಆದೆಯಾ?

(ಇಲ್ಲಿ ಪುಟ್ಟ ಹತ್ತು ನಿಮಿಷ ಮಾಯ. ಭಾವ ಮೊದಲು ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಮಂಜಿಯಲ್ಲಿ, ಅಂದರೆ ಸರಕಿನ ಹಡಗಿನಲ್ಲಿ, ಸಾಮಾನು ಕೊಂಡು ಹೋಗುತ್ತಿದ್ದವರು. ಅಕ್ಕಿ, ತರಕಾರಿ, ಸಿಮೆಂಟ್, ಜಲ್ಲಿ, ಹೊಯಿಗೆ ಅಂದರೆ ಮರಳು. ಸುತ್ತಲೂ ಹೊಯಿಗೆ ಇರುವ ಊರಿಗೆ ಇಲ್ಲಿಂದ ಹೊಯಿಗೆ! ಅಲ್ಲಿಯದನ್ನು ತೆಗೆದರೆ ದ್ವೀಪದ ದಂಡೆಯೇ ಕರಗುತ್ತದೆ, ಅದಕ್ಕೆ. ಈ ವಿಷಯದಲ್ಲಿ ಅವರೆದುರು ವಾದ ಮಾಡುವವರು ನಮ್ಮಲ್ಲಿ ಒಬ್ಬಳೇ, ಅವರ ಮಗಳು.)

ಚಿನ್ನು: ಪುಟ್ಟ ಮಾವ, ಗೆರೆ ಬಿಡಿ. ಟೆಂಟಿನ ಹಿಂದೆ ಗುಡ್ಡ ಉಂಟಲ್ಲ!

ಚಿನ್ನು: ಲಕ್ಷದ್ವೀಪ ಪೂರ್ತಿ ಹವಳದ ದ್ವೀಪ. ಸಮುದ್ರದಿಂದ ಕೆಲವೇ ಮೀಟರ್ ಎತ್ತರ. ಗುಡ್ಡ ಎಲ್ಲಿಂದ ಬಂತು? ಇದು ಬೇರೆ ಯಾವುದೋ ದೇಶದ ಫೋಟೋ.

ಪುಟ್ಟ ಬೆಂಗಳೂರು: ಸಾಂಕೇತಿಕ ಚಿತ್ರ ಅಂತ ಕೆಳಗೆ ಸಣ್ಣ ಅಕ್ಷರದಲ್ಲಿ ಹಾಕಿದ್ದಾರೆ ಚಿನ್ನು.

ಸುರತ್ಕಲ್ ಅಕ್ಕ: ಗುಡ್ಡ ಬೇಕಾದರೆ ಅಂಡಮಾನ್‌ಗೆ ಬನ್ನಿ. ಸ್ಯಾಡಲ್ ಪೀಕ್ 732 ಮೀಟರ್ ಉಂಟು. ಪರ್ಮಿಟ್ ತಲೆಬಿಸಿಯೂ ಇಲ್ಲ. ಲಕ್ಷದ್ವೀಪಕ್ಕೆ ನಮ್ಮ ದೇಶದವರಿಗೂ ಪ್ರವೇಶ ಪರವಾನಗಿ ಬೇಕು.

ದೊಡ್ಡಪ್ಪ: ಪರವಾನಗಿ ಬೇಕಾದದ್ದು ಈಗ. 1956ರ ನವೆಂಬರ್ 1ರ ತನಕ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಲ್ಲ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯದ್ದೇ. ಕಲೆಕ್ಟರ್ ಮಂಗಳೂರಿನಲ್ಲಿ ಕೂತುಕೊಳ್ಳುತ್ತಿದ್ದರು. ಅಲ್ಲಿಯವರು ಓಡಂ ಎನ್ನುವ ಹಾಯಿದೋಣಿಯಲ್ಲಿ ಹುರಿಹಗ್ಗ, ಕೊಬ್ಬರಿ ತಂದು ನಮ್ಮ ಬಂದರಿನಲ್ಲಿ ಇಳಿಸಿ, ಅಕ್ಕಿ ಕೊಂಡು ಹೋಗುತ್ತಿದ್ದರು. ನಮ್ಮದೇ ಜಿಲ್ಲೆಗೆ ನಾವು ಅರ್ಜಿ ಹಾಕಿ ಹೋಗುವುದು ನೋಡಿ.

ಪುಟ್ಟ ಬೆಂಗಳೂರು: ದೊಡ್ಡಪ್ಪ, ಬಂಗಾರಂ ಆ ಪಟ್ಟಿಯಲ್ಲಿ ಇಲ್ಲ ಅಲ್ವಾ?

ದೊಡ್ಡಪ್ಪ: ಇಲ್ಲ. ಅದು ಅಗತ್ತಿ ದ್ವೀಪದ ಬದಿ, ಆಗ ಮಲಬಾರ್ ಜಿಲ್ಲೆ. ಆದ್ದರಿಂದ ಕಡಮತ್‌ಗೆ ಹೋಗುವ.

(ದೊಡ್ಡಪ್ಪ ನಿವೃತ್ತ ಮೇಷ್ಟ್ರು. ಜಾಗ ಯಾವುದೇ ಇರಲಿ, ಅದು ಹಿಂದೆ ಯಾವ ತಾಲೂಕಿನಲ್ಲಿತ್ತು ಎಂದು ಹೇಳದೆ ಅವರು ಹೊರಡುವುದಿಲ್ಲ.)

ಮಲ್ಪೆ ಅತ್ತೆ: ಅಷ್ಟು ದೂರ ಎಂತಕ್ಕೆ? ಎದುರಿಗೇ ಸೇಂಟ್ ಮೇರೀಸ್ ಉಂಟು. ಬೆಳಿಗ್ಗೆ ಹೋಗಿ ಟೆಂಟ್ ಹಾಕಿದರೆ ಆಯ್ತು. ದ್ವೀಪವೇ ಅಲ್ವಾ ಅದೂ?

ಸುರತ್ಕಲ್ ಭಾವ: ಅತ್ತೆ, ಅಲ್ಲಿ ರಾತ್ರಿ ಉಳಿಯಲಿಕ್ಕೆ ಬಿಡುವುದಿಲ್ಲ. ಸಂಜೆ ದೋಣಿಯಲ್ಲಿ ಎಲ್ಲರನ್ನೂ ವಾಪಸು ತರುತ್ತಾರೆ. ಬಿಟ್ಟರೂ ಗೂಟ ಎಲ್ಲಿ ಹೊಡೆಯುವುದು? ಸುಮಾರು 8.8 ಕೋಟಿ ವರ್ಷದ ಹಳೆಯ ಲಾವಾ ಬಂಡೆ ಅದು. ಮಡಗಾಸ್ಕರ್ ನಮ್ಮಿಂದ ಬೇರೆ ಆದ ಕಾಲದ್ದು. ಸುತ್ತಿಗೆ ಮುರಿಯುತ್ತದೆ.

ಸುರತ್ಕಲ್ ಅಕ್ಕ: ಇವರು ಎಲ್ಲದಕ್ಕೂ ಬೇಡ ಅನ್ನುತ್ತಾರೆ, ಗಮನಿಸಿದಿರಾ? ಬೇಕು ಅನ್ನುವುದು ಯಾವುದಕ್ಕೆ ಅಂತ ಮೂವತ್ತು ವರ್ಷದಿಂದ ಹುಡುಕುತ್ತಿದ್ದೇನೆ. ಅಂಡಮಾನ್‌ಗೆ ಎಂತ ತೊಂದರೆ, ಅದನ್ನೂ ಹೇಳಿ.

ಸುರತ್ಕಲ್ ಭಾವ: ಊರಿಗೆ ತೊಂದರೆ ಇಲ್ಲ. ನೀನು ಮೊನ್ನೆ ತೋರಿಸಿದ ಜಾಗಕ್ಕೆ ತೊಂದರೆ ಉಂಟು. ಹಿಂದೆ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಕಾಡು, ಬದಿಯಲ್ಲಿ ಸಣ್ಣ ಅಳಿವೆ. ಅಂಡಮಾನ್‌ನಲ್ಲಿ ಅಂಥ ಜಾಗದಲ್ಲಿ ಉಪ್ಪುನೀರಿನ ಮೊಸಳೆ ಇರುತ್ತದೆ. 2010ರಲ್ಲಿ ಹ್ಯಾವ್‌ಲಾಕ್‌ನ ರಾಧಾನಗರ ಬೀಚಿನ ಹತ್ತಿರವೇ ಅಮೆರಿಕದ ಪ್ರವಾಸಿಯೊಬ್ಬರು ಮೊಸಳೆ ಬಾಯಿಗೆ ಸಿಕ್ಕಿ ಸತ್ತರು. ಅದು ಜಗತ್ತೆಲ್ಲ ಹೊಗಳಿದ ಬೀಚು. ಅಳಿವೆಯಿಂದ ದೂರ, ಜನ ಇರುವ ಜಾಗದಲ್ಲಿ ಟೆಂಟ್ ಇದ್ದರೆ ಅಂಡಮಾನ್‌ಗೂ ನಾನು ರೆಡಿ. ಇನ್ನೊಂದು, ಅಲ್ಲಿ ಐದೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಮಧ್ಯಾಹ್ನದ ದೋಣಿಯಲ್ಲಿ ಇಳಿದು ನಿಧಾನ ಚಾ ಕುಡಿದು ಟೆಂಟ್ ಹೊಡೆಯುವ ಅಂದರೆ ಟಾರ್ಚ್ ಹಿಡಿಯಬೇಕು. ಸುಮ್ನೆ ಕಂಡ ಕಂಡ ಬೀಚಿನಲ್ಲಿ ಹೊಡೆಯಲಿಕ್ಕೂ ಆಗುವುದಿಲ್ಲ, ಹೆಚ್ಚಿನ ಜಾಗ ಅರಣ್ಯ ಇಲಾಖೆಯದ್ದು.

ಸುರತ್ಕಲ್ ಅಕ್ಕ: 👍

(ಅಕ್ಕನ ಆ ಹೆಬ್ಬೆರಳಿಗೆ ಒಪ್ಪಿಗೆ ಅಂತ ಅರ್ಥ ಅಲ್ಲ. ಗುಂಪಿನಲ್ಲಿ ಎಲ್ಲರಿಗೂ ಗೊತ್ತು.)

ಪುಟ್ಟ ಬೆಂಗಳೂರು: ಭಾವ, ಒಂದು ಮಾತು ಹೇಳಲಾ? ನೀರಿನಿಂದ ದೂರ, ಮರದ ಮರೆಯಲ್ಲಿ, ಗಾಳಿ ನೋಡಿ, ಜನ ನೋಡಿ ಮಲಗುವುದಾದರೆ ನಮ್ಮ ತೋಟದಲ್ಲೇ ಮಲಗಬಹುದಲ್ಲ? ಇಷ್ಟು ದುಡ್ಡು ಕೊಟ್ಟು ಹೋಗುವುದೇ ಕಣ್ಣು ಬಿಟ್ಟ ಕೂಡಲೇ ಕಡಲು ಕಾಣಬೇಕು ಅಂತ. ನಿಮಗೆ ಕಡಲು ದಿನಾ ಸಿಗುತ್ತದೆ. ನನಗೆ ಸಿಗುವುದು ಸಿಲ್ಕ್ ಬೋರ್ಡ್.

ಇದಕ್ಕೆ ಸ್ವಲ್ಪ ಹೊತ್ತು ಯಾರೂ ಉತ್ತರ ಕೊಡಲಿಲ್ಲ. ನನಗೂ ಅವನ ಮಾತು ಸರಿ ಅನಿಸಿತು. ಆದರೆ ಕಡಲು ನೋಡಲಿಕ್ಕೆ ಟೆಂಟು ಕಡಲಲ್ಲೇ ಇರಬೇಕಾಗಿಲ್ಲ. ಪೊದೆಗಳು ಶುರುವಾಗುವ ಗೆರೆಯಿಂದ ನಾಲ್ಕು ಹೆಜ್ಜೆ ಒಳಗೆ ಕೂತರೂ ಕಡಲು ಕಾಣುತ್ತದೆ. ಅದನ್ನೇ ಗುಂಪಿನಲ್ಲಿ ಬರೆದೆ.

ನಾನು: ಪುಟ್ಟ, ಹುಲ್ಲು, ಬಳ್ಳಿ, ಕೇದಗೆ ಮೆಳೆ ಎಲ್ಲಿ ಶುರುವಾಗುತ್ತದೆ ನೋಡು. ಉಪ್ಪುನೀರು ದಿನಾ ಬರುವಲ್ಲಿ ಅವು ಬೆಳೆಯುವುದಿಲ್ಲ. ಅದರ ಒಳಬದಿಗೆ ಟೆಂಟ್, ಬಾಗಿಲು ಕಡಲಿಗೆ. ನಿನಗೆ ನೋಟ, ಭಾವನಿಗೆ ನಿದ್ದೆ.

ಸುರತ್ಕಲ್ ಭಾವ: ಗೂಟ ಹೊಯಿಗೆಯಲ್ಲಿ ನಿಲ್ಲುವುದಿಲ್ಲ, ನೆನಪಿರಲಿ. ಚೀಲಕ್ಕೆ ಹೊಯಿಗೆ ತುಂಬಿಸಿ, ಹಗ್ಗ ಕಟ್ಟಿ ಹುಗಿಯಬೇಕು. ಹಾಗಂತ ಪೂರ್ತಿ ಮೆಳೆಯ ಒಳಗೂ ಬೇಡ, ಗಾಳಿ ಆಡಬೇಕು. ಗಾಳಿ ನಿಂತಲ್ಲಿ ನುಸಿ. ಬಂಗಾರಂನ ನಡುವೆ ಒಂದು ಉಪ್ಪು ಕೆರೆ ಉಂಟು, ಅದರ ಹತ್ತಿರ ಕೊಟ್ಟರೆ ಬೇಡ ಅನ್ನು. ಫೆಬ್ರವರಿಯಲ್ಲಿ ಗಾಳಿ ಹೆಚ್ಚಾಗಿ ಬಡಗಿನ ಕಡೆಯಿಂದ.

ಅಮ್ಮ: ಟಾಯ್ಲೆಟ್ ಎಷ್ಟು ದೂರ?

(ಅಮ್ಮ ಗುಂಪಿನಲ್ಲಿ ಬರೆಯುವುದೇ ಅಪರೂಪ.)

ಅಮ್ಮ: ಎಲ್ಲರೂ ಮೊಸಳೆ, ಮಡಗಾಸ್ಕರ್ ಅಂತೀರಿ. ರಾತ್ರಿ ನಾನೂ ಅಕ್ಕನೂ ಏಳಬೇಕು, ಅವಳಿಗೆ ಮಂಡಿ ನೋವು. ಹೊಯಿಗೆಯಲ್ಲಿ ನಡೆಯುವುದು, ಮೆಟ್ಟಿಲು ಹತ್ತುವುದು ಎಂತ ಉಂಟು? ಕುಡಿಯುವ ನೀರು ಎಲ್ಲಿಯದು?

ಪುಟ್ಟ ಬೆಂಗಳೂರು: ಬಾವಿ ಇರುತ್ತದೆ ಅಮ್ಮ.

ಸುರತ್ಕಲ್ ಭಾವ: ಹವಳದ ದ್ವೀಪದ ಬಾವಿ ನಮ್ಮ ಬಾವಿಯ ಹಾಗಲ್ಲ. ಮಳೆನೀರು ಹೊಯಿಗೆಯಲ್ಲಿ ಇಳಿದು ಕೆಳಗಿನ ಉಪ್ಪುನೀರಿನ ಮೇಲೆ ತೆಳ್ಳಗೆ ತೇಲಿಕೊಂಡು ನಿಂತಿರುತ್ತದೆ, ಅಷ್ಟೇ ಸಿಹಿನೀರು. ಪಂಪ್ ಇಟ್ಟು ಎಳೆದರೆ ಉಪ್ಪು ಮೇಲೆ ಬರುತ್ತದೆ. ಟಾಯ್ಲೆಟ್ ಗುಂಡಿ ಹತ್ತಿರ ಇದ್ದರೆ ಅದೂ ಇಳಿಯುವುದು ಅಲ್ಲಿಗೇ, ಹೊಯಿಗೆ ಎಂತ ತಡೆಯುತ್ತದೆ? ಲಕ್ಷದ್ವೀಪದ ರಾಜಧಾನಿ ಕವರತ್ತಿಯಲ್ಲಿ ಸಮುದ್ರದ ನೀರನ್ನೇ ಸಿಹಿ ಮಾಡುವ ಘಟಕ 2005ರಲ್ಲಿ ಶುರುವಾದದ್ದು, ದಿನಕ್ಕೆ ಒಂದು ಲಕ್ಷ ಲೀಟರ್. ಅದು ಸುಮ್ನೆ ಕಟ್ಟಿದ್ದಲ್ಲ. ಟಾಯ್ಲೆಟ್, ನೀರು ಅಂತ ಅತ್ತೆ ಈಗ ಕೇಳಿದ್ದೇ ಮೊದಲ ಪ್ರಶ್ನೆ ಆಗಬೇಕಿತ್ತು.

ನನ್ನ ಲೆಕ್ಕದಲ್ಲಿ ಜಗಳ ಮುಗಿದದ್ದು ಇಲ್ಲಿ. ಯಾವ ದ್ವೀಪ ಎನ್ನುವುದನ್ನು ಬದಿಗಿಟ್ಟು, ಆ ಜಾಗದಲ್ಲಿ ಎಂತ ಉಂಟು ಎಂದು ಕೇಳಲಿಕ್ಕೆ ಶುರುಮಾಡಿದೆವು. ಪುಟ್ಟ ಟೂರಿನವರಿಗೆ ಫೋನ್ ಮಾಡಿದ. ಭರತದ ಗೆರೆಯಿಂದ ಟೆಂಟ್ ಎಷ್ಟು ದೂರ, ಕುಡಿಯುವ ನೀರು ಬಾವಿಯದ್ದಾ ಬಾಟಲಿಯದ್ದಾ, ಗಾಳಿ ಎದ್ದರೆ ಅಗತ್ತಿಗೆ ದೋಣಿ ಯಾರು ಕರೆಸುತ್ತಾರೆ ಎಂದು ಕೇಳಲು ಹೇಳಿದ್ದೆವು. ಅವರು ಮೊದಲು ರಿಯಾಯಿತಿ ಇನ್ನೂ ಸ್ವಲ್ಪ ಹೆಚ್ಚಿಸಿದರಂತೆ. ಮತ್ತೆ ಕೇಳಿದಾಗ ಜಾಗದ ನಿಜವಾದ ಫೋಟೋ ಕಳಿಸಿದರು.

ಪುಟ್ಟ ಬೆಂಗಳೂರು: (ಫೋಟೋ) ನೋಡಿ, ಗುಡ್ಡ ಇಲ್ಲ. ಟೆಂಟ್‌ಗಳು ನೀರಿನಿಂದ ಒಳಗೆ ಉಂಟು. ಬಾತ್‌ರೂಮ್ ಪ್ರತಿ ಟೆಂಟಿಗೂ ಬೇರೆ, ಮೆಟ್ಟಿಲು ಇಲ್ಲ. ಕುಡಿಯಲಿಕ್ಕೆ ಬಾಟಲಿ ನೀರು. ದೋಣಿ ಅವರದ್ದೇ. ಹುಣ್ಣಿಮೆ ಬಿಟ್ಟು ನಾಲ್ಕು ದಿನ ಮುಂದೆ ಹಾಕಿಸಿದೆ. ಈಗಲಾದರೂ ಹೂಂ ಅನ್ನಿ.

ಸುರತ್ಕಲ್ ಭಾವ: ಜಾಗ ಅಡ್ಡಿ ಇಲ್ಲ.

ಸುರತ್ಕಲ್ ಅಕ್ಕ: ಅಡ್ಡಿ ಇಲ್ಲ ಅಂದರು! ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದೇನೆ.

ದೊಡ್ಡಪ್ಪ: ಕಡಮತ್ ಆಗಬಹುದಿತ್ತು. ಇರಲಿ.

ಮಲ್ಪೆ ಅತ್ತೆ: ಪುಟ್ಟ, ಎರಡನೇ ಟೆಂಟಿನ ಮೇಲೆ ನೋಡು. ತೆಂಗಿನ ಮರದಲ್ಲಿ ಗೊನೆ ಪೂರ್ತಿ ಉಂಟು, ಒಣ ಮಡಲೂ ನೇತಾಡುತ್ತಿದೆ. ಕಾಯಿ ಕೀಳದ ಮರದ ಅಡಿಯಲ್ಲಿ ಯಾರಾದರೂ ಮಲಗುತ್ತಾರಾ? ನಾವು ದನ ಸಹ ಕಟ್ಟುವುದಿಲ್ಲ.

ಪುಟ್ಟ ಬೆಂಗಳೂರು: ಅತ್ತೇ...

ಮಲ್ಪೆ ಅತ್ತೆ: ಮಡಲು ಬೀಳಲಿಕ್ಕೆ ಗಾಳಿಯೂ ಬೇಡ. ಕೊನೆಯ ಸಲ ಕಾಯಿ ಕಿತ್ತದ್ದು ಯಾವಾಗ ಅಂತ ಕೇಳು. ಕಿತ್ತು, ಮಡಲು ಎಳೆಸಿ, ಆಮೇಲೆ ನಮಗೆ ಕೊಡಲಿ. ಇಲ್ಲದಿದ್ದರೆ ಮರ ಇಲ್ಲದ ಕಡೆಯ ಟೆಂಟ್ ಕೊಡಲಿ.

ಪುಟ್ಟ ಬೆಂಗಳೂರು: ಕೇಳಿದೆ ಅತ್ತೆ. ತೋಟದವರನ್ನು ವಿಚಾರಿಸಿ ನಾಳೆ ಹೇಳುತ್ತಾರಂತೆ. ಆದರೆ ರಿಯಾಯಿತಿ ಇವತ್ತು ಸಂಜೆಯ ತನಕ ಮಾತ್ರ.

ಅಮ್ಮ: ಹಾಗಾದರೆ ಅಡ್ವಾನ್ಸೂ ನಾಳೆ.