ಶೆಲ್ ಸ್ಕ್ರಿಪ್ಟ್ ಒಳಗೆ ಪೈಥಾನ್ ಹಾಕಿದೆ, ಒಟ್ಟು ತೂಕ ಸೊನ್ನೆ ಬರ್ತಿದೆ

ಪ್ರಶ್ನೆ (ಗಂಗಾವತಿ): ಅಣ್ಣಾ, ಇಲ್ಲೊಂದು ರೈಸ್ ಮಿಲ್‌ನಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ಭತ್ತದ ಲಾರಿ ತೂಗುವ ಕಾಟಾದ ಕಂಪ್ಯೂಟರ್ ದಿನಾ ಸಂಜೆ ಒಂದು ಸಿಎಸ್‌ವಿ ಫೈಲ್ (ಕಾಲಂಗಳನ್ನು ಕಾಮಾದಿಂದ ಬೇರೆ ಮಾಡಿದ್ದು) ಕೊಡುತ್ತದೆ. ಲಾರಿ ನಂಬರ್, ಪಾರ್ಟಿ ಹೆಸರು, ತೂಕ, ಅಷ್ಟೇ. ಅದರ ಬ್ಯಾಕಪ್‌ಗೆ ಬ್ಯಾಷ್ ಸ್ಕ್ರಿಪ್ಟ್ (ಶೆಲ್ ಓಡಿಸುವ ಆಜ್ಞೆಗಳ ಫೈಲ್) ಇದೆ. ಪಾರ್ಟಿವಾರು ಮೊತ್ತ ಹಾಕೋಕೆ ಅದರೊಳಗೇ ಹಿಯರ್‌ಡಾಕ್ ಮಾಡಿ (ಸ್ಕ್ರಿಪ್ಟ್‌ನಲ್ಲೇ ಬರೆದ ಸಾಲುಗಳನ್ನು ಪ್ರೋಗ್ರಾಂಗೆ ಇನ್‌ಪುಟ್ ಆಗಿ ಕೊಡೋದು) ಸ್ವಲ್ಪ ಪೈಥಾನ್ ಸೇರಿಸಿ, ಫೈಲನ್ನು ಕ್ಯಾಟ್ ಆಜ್ಞೆಯಿಂದ ಓದಿಸಿ ಪೈಪ್‌ನಲ್ಲಿ (ಒಂದು ಆಜ್ಞೆಯ ಔಟ್‌ಪುಟ್ ಇನ್ನೊಂದರ ಇನ್‌ಪುಟ್ ಆಗುವ ಹಾಗೆ) ಕೊಡುತ್ತಿದ್ದೇನೆ. ಎರರ್ ಇಲ್ಲ, ಆದರೆ ಯಾವಾಗ ನೋಡಿದರೂ 0. ಪೈಥಾನ್‌ಗೆ ಬೇರೆ ಫೈಲ್ ಮಾಡಿದರೆ ಸರಿಯಾಗಿ ಬರುತ್ತದೆ, ಆದರೆ ಮಾಲೀಕರು ಒಂದು ಕಾಪಿ ಮಾಡಿ ಇನ್ನೊಂದು ಬಿಟ್ಟುಬಿಡುತ್ತಾರೆ.

ಉತ್ತರ: ಪೈಪ್ ಬರೋದೂ ಸ್ಟ್ಯಾಂಡರ್ಡ್ ಇನ್‌ಪುಟ್‌ಗೇ (ಪ್ರೋಗ್ರಾಂ ಡೇಟಾ ಓದುವ ಮಾಮೂಲಿ ದಾರಿ), ಹಿಯರ್‌ಡಾಕ್ ಬರೋದೂ ಅಲ್ಲಿಗೇ. ಶೆಲ್ ಮೊದಲು ಪೈಪ್ ಜೋಡಿಸಿ, ಆಮೇಲೆ ಅದೇ ಜಾಗಕ್ಕೆ ಹಿಯರ್‌ಡಾಕ್ ಜೋಡಿಸುತ್ತದೆ, ಹಾಗಾಗಿ ನಿಮ್ಮ ಕಾಟಾ ಫೈಲ್ ಪೈಥಾನ್ ತನಕ ಹೋಗೋದೇ ಇಲ್ಲ. ಪೈಥಾನ್ ತನ್ನ ಕೋಡನ್ನು ಅಲ್ಲಿಂದಲೇ ಪೂರ್ತಿ ಓದಿ ಮುಗಿಸುತ್ತದೆ. ನಿಮ್ಮ ಲೂಪ್ ಡೇಟಾ ಕೇಳುವ ಹೊತ್ತಿಗೆ ಅಲ್ಲಿ ಏನೂ ಉಳಿದಿಲ್ಲ. ಖಾಲಿ ಫೈಲಿನ ಮೊತ್ತ ಸೊನ್ನೆ, ಎರರ್ ಯಾಕೆ ಬರುತ್ತೆ?

ಪೈಪ್ ತೆಗೆಯಿರಿ, ಫೈಲ್ ಹೆಸರನ್ನು ಆರ್ಗ್ಯುಮೆಂಟ್ ಆಗಿ (ಆಜ್ಞೆಯ ಜೊತೆಗೇ ಬರೆದು) ಕೊಡಿ:

ಪೈಥಾನ್3 - "$1" <<'ಮುಗೀತು'

ಒಳಗೆ ಸಿಸ್.ಆರ್ಗ್‌ವಿ[1], ಅಂದರೆ ಆರ್ಗ್ಯುಮೆಂಟ್ ಆಗಿ ಕೊಟ್ಟ ಆ ಫೈಲ್, ತೆರೆದು ಓದಿ. ಕೊನೆಯ ಪದಕ್ಕೆ ಹಾಕಿದ ಆ ಒಂಟಿ ಕೋಟ್ ಮರೆಯಬೇಡಿ. ಅದಿಲ್ಲದಿದ್ದರೆ ನಿಮ್ಮ ಕೋಡನ್ನು ಮೊದಲು ಶೆಲ್ ಓದಿ, ಡಾಲರ್ ಗುರುತಿನ ಹೆಸರುಗಳನ್ನೂ ಬ್ಯಾಕ್‌ಟಿಕ್‌ಗಳನ್ನೂ ತನ್ನದೇ ಅಂದುಕೊಂಡು ಬದಲಾಯಿಸಿಬಿಡುತ್ತದೆ.

ಪ್ರಶ್ನೆ: ಈಗ ಮೊತ್ತ ಬಂತು ಅಣ್ಣಾ! ಆದರೆ ಕೋಟ್ ಹಾಕಿದ ಮೇಲೆ ಒಳಗಿದ್ದ ಪಾರ್ಟಿ ಹೆಸರಿನ ವೇರಿಯಬಲ್ ಕೆಲಸ ಮಾಡುತ್ತಿಲ್ಲ.

ಉತ್ತರ: ಮಾಡಬಾರದು, ಅದಕ್ಕೇ ಕೋಟ್. ಹೆಸರನ್ನು ಎರಡನೇ ಆರ್ಗ್ಯುಮೆಂಟ್ ಮಾಡಿ, ಇಲ್ಲವೇ ಶೆಲ್‌ನಲ್ಲಿ ಎಕ್ಸ್‌ಪೋರ್ಟ್ ಮಾಡಿ ಪೈಥಾನ್‌ನ ಓಎಸ್.ಎನ್ವಿರಾನ್‌ನಿಂದ ತಗೊಳ್ಳಿ. ಕೋಡಿನ ಮಧ್ಯೆ ಸುಮ್ನೆ ಅಂಟಿಸಿದರೆ, ಯಾರದೋ ಹೆಸರಲ್ಲಿ ಒಂದು ಕೋಟ್ ಇದ್ದ ದಿನ ಸ್ಕ್ರಿಪ್ಟ್ ಬೀಳುತ್ತದೆ. ಕಿಡಿಗೇಡಿ ಯಾರಾದರೂ ಹೆಸರಿನ ಜಾಗದಲ್ಲಿ ಕೋಡನ್ನೇ ಬರೆದರೆ ಅದೂ ಓಡುತ್ತದೆ. ಪೈಪ್ ಬೇಕೇ ಬೇಕು ಅನ್ನುವಾಗ ಕೋಡನ್ನು ಮೈನಸ್ ಸಿ ಆಯ್ಕೆಯಿಂದ ಕೊಡಿ, ಇನ್‌ಪುಟ್ ಪೈಪ್‌ನ ಡೇಟಾಗೇ ಬಿಡುವಾಗಿ ಉಳಿಯುತ್ತದೆ. ಲಿನಕ್ಸ್‌ನಲ್ಲಿ ಒಂದು ಆರ್ಗ್ಯುಮೆಂಟ್‌ಗೆ 128 ಕೆಬಿ ಮಿತಿ ಇದೆ. ಅಲ್ಲಿಗೆ ಮುಟ್ಟುವಷ್ಟು ಕೋಡ್ ಬರೆದರೆ ಬೇರೆ ಫೈಲ್ ಮಾಡದೆ ಗತಿ ಇಲ್ಲ, ಮಾಲೀಕರು ಏನೇ ಅನ್ನಲಿ.

ಇನ್ನೊಬ್ಬರು (ರಾಯಚೂರು): ಇಷ್ಟಕ್ಕೆ ಪೈಥಾನ್ ಯಾಕ್ರೀ, ಆಕ್ (ಸಾಲುಗಳನ್ನು ಕಾಲಂಗಳಾಗಿ ಒಡೆಯುವ ಆಜ್ಞೆ) ಸಾಕಲ್ವಾ? ಕಾಮಾದಲ್ಲಿ ಒಡೆದು ಮೂರನೇ ಕಾಲಂ ಕೂಡಿದರೆ ಆಯ್ತು.

ಉತ್ತರ: ಸಾಕು, ಪ್ರೋಗ್ರಾಂ ಒಂಟಿ ಕೋಟ್‌ನಲ್ಲಿದ್ದರೆ. ಜೋಡಿ ಕೋಟ್ ಹಾಕಿದರೆ $3 ಅನ್ನೋದನ್ನು ಶೆಲ್ ನುಂಗುತ್ತದೆ. ಆದರೆ ಪಾರ್ಟಿ ಹೆಸರಲ್ಲೇ ಕಾಮಾ ಇದ್ದರೆ, "ಟ್ರೇಡರ್ಸ್, ಸಿಂಧನೂರು" ಅಂತ ಇರುತ್ತಲ್ವಾ, ಆಕ್ ಅದನ್ನೂ ಒಡೆದು ಊರಿನ ಹೆಸರನ್ನೇ ತೂಕ ಅಂತ ಕೂಡುತ್ತದೆ. ಆ ಸಾಲಿಗೆ ಮತ್ತೆ ಸೊನ್ನೆ, ಮತ್ತೆ ಎರರ್ ಇಲ್ಲ. ಪೈಥಾನ್‌ನ ಸಿಎಸ್‌ವಿ ಮಾಡ್ಯೂಲ್ ಕೋಟ್ ನೋಡಿ ಓದುತ್ತದೆ, ಅದಕ್ಕೆ ನನ್ನ ಓಟು ಅದಕ್ಕೇ.

ಪ್ರಶ್ನೆ: ಕೊನೆಯದು. ಇದನ್ನು ಇಫ್ ಒಳಗೆ ಸ್ಪೇಸ್ ಬಿಟ್ಟು ಬರೆದೆ, ಈಗ ಮುಗಿಸುವ ಪದವೇ ಸಿಗ್ತಿಲ್ಲ ಅನ್ನುತ್ತೆ.

ಉತ್ತರ: ಮುಗಿಸುವ ಪದ ಸಾಲಿನ ಶುರುವಿಗೇ ಇರಬೇಕು, ಹಿಂದೆ ಮುಂದೆ ಒಂದು ಸ್ಪೇಸೂ ಬೇಡ. <<- ಅಂತ ಹಾಕಿದರೆ ಸಾಲಿನ ಶುರುವಿನ ಟ್ಯಾಬ್ ತೆಗೆಯುತ್ತೆ, ಸ್ಪೇಸ್ ತೆಗೆಯಲ್ಲ. ಪೈಥಾನ್ ಕೋಡಿನ ಟ್ಯಾಬನ್ನೂ ಬಿಡಲ್ಲ, ಇಂಡೆಂಟೇಶನ್ ಹೋಗಿಬಿಡುತ್ತೆ. ಹಾಗಾಗಿ ಪೈಥಾನ್ ಭಾಗವನ್ನು ಒಂದು ಫಂಕ್ಷನ್ ಮಾಡಿ ಸ್ಕ್ರಿಪ್ಟ್‌ನ ಮೇಲ್ಗಡೆ ಎಡಕ್ಕೆ ಅಂಟಿಸಿ ಇಡಿ, ಇಫ್ ಒಳಗಿಂದ ಹೆಸರು ಹಿಡಿದು ಕರೆಯಿರಿ.