ಸಹಾಯ ಬೇಕು: ಬಿಟ್‌ಲಾಕರ್ ಕೀ ಸಿಕ್ಕಿದೆ, ಆದರೆ ಐಡಿ ಹೊಂದುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ಲ್ಯಾಪ್‌ಟಾಪ್‌ನ ಬಯಾಸ್ (ಆನ್ ಮಾಡಿದಾಗ ವಿಂಡೋಸ್‌ಗಿಂತ ಮೊದಲು ಓಡುವ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿದೆ. ರೀಸ್ಟಾರ್ಟ್ ಆದ ಮೇಲೆ ವಿಂಡೋಸ್ ಬರಲೇ ಇಲ್ಲ. ನೀಲಿ ಪರದೆ ಬಂದು 48 ಅಂಕಿಯ ರಿಕವರಿ ಕೀ ಕೇಳುತ್ತಿದೆ. ನಾನಂತೂ ಯಾವತ್ತೂ ಬಿಟ್‌ಲಾಕರ್ (ಡಿಸ್ಕ್‌ನಲ್ಲಿರುವುದನ್ನೆಲ್ಲ ಲಾಕ್ ಮಾಡುವ ವಿಂಡೋಸ್ ಸೌಲಭ್ಯ) ಆನ್ ಮಾಡಿದ ನೆನಪಿಲ್ಲ.

ಫೋನಿನಲ್ಲಿ ನನ್ನ ಮೈಕ್ರೋಸಾಫ್ಟ್ ಖಾತೆ ತೆರೆದು ನೋಡಿದೆ. ಅಲ್ಲಿ ಒಂದು ಕೀ ಇತ್ತು. ಸದ್ಯ, ಬದುಕಿದೆ ಅಂದುಕೊಂಡೆ. ಆರಾರು ಅಂಕಿಯ ಎಂಟು ಗುಂಪುಗಳನ್ನೂ ನಿಧಾನವಾಗಿ ಟೈಪ್ ಮಾಡಿದೆ. ಒಪ್ಪಲಿಲ್ಲ. ಮೂರು ಸಲ ಮಾಡಿದರೂ ಅದೇ ಕಥೆ. ಆಮೇಲೆ ಗಮನಿಸಿದೆ: ಪರದೆಯಲ್ಲಿರುವ ಕೀ ಐಡಿ (ಯಾವ ಕೀ ಬೇಕು ಅಂತ ಗುರುತಿಸುವ ಸಂಕೇತ) 7ಎ ಅಂತ ಶುರುವಾಗುತ್ತದೆ, ಖಾತೆಯಲ್ಲಿರುವುದು 3ಡಿ ಅಂತ. ಖಾತೆಯಲ್ಲಿ ಬೇರೆ ಕೀ ಇಲ್ಲ.

ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ (ನಂಬಿಕೆಯ ಸಾಫ್ಟ್‌ವೇರ್ ಮಾತ್ರ ಶುರುವಾಗಲು ಬಿಡುವ ಸೆಟ್ಟಿಂಗ್), ಟಿಪಿಎಂ (ಕೀಗಳನ್ನು ಕಾಪಾಡುವ ಚಿಪ್) ಎರಡೂ ಆನ್ ಇವೆ. ಹಳೆಯ ಪೆನ್‌ಡ್ರೈವ್‌ಗಳು, ಪ್ರಿಂಟ್ ತೆಗೆದ ಕಾಗದಗಳು ಎಲ್ಲ ಹುಡುಕಿದೆ, ಏನೂ ಸಿಗಲಿಲ್ಲ. ಈ ಲ್ಯಾಪ್‌ಟಾಪ್ ಮೊದಲು ನನ್ನ ತಮ್ಮನದು, ಸೆಟಪ್ ಮಾಡಿದ್ದೂ ಅವನೇ. ಆಗ ಯಾವ ಇಮೇಲ್ ಕೊಟ್ಟಿದ್ದ ಅಂತ ಅವನಿಗೂ ಸರಿಯಾಗಿ ನೆನಪಿಲ್ಲ.

ಸುಮ್ನೆ ಫಾರ್ಮ್ಯಾಟ್ ಮಾಡಿಬಿಡಿ ಅಂತ ಕೆಲವರು ಹೇಳಿದರು. ಅದು ಆಗಲ್ಲ. ಅಮ್ಮನ ಕೊನೆಯ ವರ್ಷದ ಫೋಟೋಗಳು, ಅವರ ದನಿ ಇರುವ ವಿಡಿಯೋಗಳು ಅದರಲ್ಲೇ ಇವೆ. ಬ್ಯಾಕಪ್ ಇಲ್ಲ.

ಗೊತ್ತಿರುವವರು ದಯವಿಟ್ಟು ಹೇಳಿ. ಐಡಿ ಬೇರೆ ಇದ್ದರೆ ಆ ಕೀ ಕೆಲಸ ಮಾಡುವುದೇ ಇಲ್ಲ ಅಲ್ವಾ? ಹಾಗಾದರೆ ಸರಿಯಾದ ಕೀ ತಮ್ಮನ ಹಳೆಯ ಖಾತೆಯಲ್ಲಿ ಇರಬಹುದಾ? ಹಳೆಯ ಬಯಾಸ್ ವಾಪಸ್ ಹಾಕಿದರೆ ಕೀ ಇಲ್ಲದೆ ತೆರೆಯುವ ಸಾಧ್ಯತೆ ಇದೆಯಾ, ಅಥವಾ ಅದರಿಂದ ಇನ್ನೂ ತೊಂದರೆ ಜಾಸ್ತಿ ಆಗುತ್ತಾ?