ಮದುವೆ ವಿಡಿಯೋದಲ್ಲಿ ಹೆಸರು ಅರ್ಧ ಕಟ್: ತಪ್ಪು ಟಿವಿಯದೋ, ಎನ್ಕೋಡ್ ಮಾಡಿದವರದೋ?

ತೋಟದಮನೆ_ಮೂಡಿಗೆರೆ: ತಂಗಿ ಮದುವೆ ವಿಡಿಯೋ ನಾನೇ ಎಡಿಟ್ ಮಾಡಿ 1920×1080 ಎಂಪಿ4 ಮಾಡಿದ್ದೇನೆ. ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿದೆ. ಎಚ್‌ಡಿಎಂಐ ಹಾಕಿ ಟಿವಿಗೆ ಕೊಟ್ಟರೆ ಕೆಳಗೆ ಬರೆದ ಹೆಸರುಗಳು ಅರ್ಧ ಮಾಯ. ಚಿಕ್ಕಪ್ಪನ ಹೆಸರೂ ಹೋಗಿದೆ, ಮನೆಯಲ್ಲಿ ಗಲಾಟೆ. ಎನ್ಕೋಡಿಂಗ್‌ನಲ್ಲಿ, ಅಂದರೆ ಕೊನೆಗೆ ವಿಡಿಯೋ ಫೈಲ್ ಮಾಡುವಾಗ, ಏನು ಬದಲಾಯಿಸಲಿ?

ಪಿಕ್ಸೆಲ್_ಪುಟ್ಟ: ಏನೂ ಬೇಡ. ಟಿವಿ ಓವರ್‌ಸ್ಕ್ಯಾನ್ ಮಾಡುತ್ತಿದೆ, ಅಂದರೆ ಚಿತ್ರ ಹಿಗ್ಗಿಸಿ ಅಂಚನ್ನು ಪರದೆಯಿಂದ ಆಚೆ ತಳ್ಳುತ್ತಿದೆ. ಒಂದೊಂದು ಅಂಚಿಗೆ 2.5 ಪರ್ಸೆಂಟ್ ಅಂದರೂ ಎಡಕ್ಕೆ 48, ಬಲಕ್ಕೆ 48, ಮೇಲೆ ಕೆಳಗೆ 27-27 ಪಿಕ್ಸೆಲ್ ಖೋತಾ. ಪಿಕ್ಚರ್ ಸೈಜ್ ಮೆನು ನೋಡಿ. ಎಲ್‌ಜಿಯಲ್ಲಿ ‘ಜಸ್ಟ್ ಸ್ಕ್ಯಾನ್’, ಸ್ಯಾಮ್‌ಸಂಗ್‌ನಲ್ಲಿ ‘ಸ್ಕ್ರೀನ್ ಫಿಟ್’, ಸೋನಿಯಲ್ಲಿ ‘ಫುಲ್ ಪಿಕ್ಸೆಲ್’ ಅಂತ ಇರುತ್ತದೆ. ಮುಗಿಯಿತು.

ಬೇಲೂರು_ಸ್ಟುಡಿಯೋ: “ಏನೂ ಬೇಡ” ಅಂತೆ! ನೆಂಟರ ಮನೆಗೆಲ್ಲ ಹೋಗಿ ಮೆನು ಒತ್ತಿ ಬರುತ್ತೀರಾ ಸ್ವಾಮಿ? ಅಕ್ಷರವನ್ನು ಅಂಚಿನಿಂದ ಒಳಗೆ ಇಡಬೇಕು. ಹಳೇ ಲೆಕ್ಕದಲ್ಲಿ ಬರಹ ನಡುವಿನ 80 ಪರ್ಸೆಂಟ್ ಒಳಗೆ ಇರಬೇಕಿತ್ತು. ಈಗಿನ ಎಚ್‌ಡಿಗೆ 90 ಸಾಕು.

ಪಿಕ್ಸೆಲ್_ಪುಟ್ಟ: “ಹಳೇ ಲೆಕ್ಕ”. ನೀವೇ ಒಪ್ಪಿಕೊಂಡಿರಿ. ಅದೆಲ್ಲ ಡಬ್ಬಾ ಟಿವಿ, ಅಂದರೆ ಪಿಕ್ಚರ್ ಟ್ಯೂಬ್ ಟಿವಿ ಕಾಲದ್ದು. ಎಲ್‌ಸಿಡಿಯಲ್ಲಿ ಕತ್ತರಿಸಲು ಕಾರಣವೇ ಇಲ್ಲ.

ಸೋಲ್ಡರ್_ಹಾಸನ: ಡಬ್ಬಾ ಅಂತ ಹಗುರವಾಗಿ ಮಾತಾಡಬೇಡಿ. ವೋಲ್ಟೇಜ್ ಇಳಿದರೆ ಚಿತ್ರ ಕುಗ್ಗುತ್ತಿತ್ತು. ಮಳೆಗಾಲದಲ್ಲಿ ಸಕಲೇಶಪುರದ ಕಡೆ ಸ್ಟೆಬಿಲೈಜರ್ ಇಲ್ಲದೆ ಟಿವಿ ನೋಡಿದವರನ್ನು ಕೇಳಿ. ಕಪ್ಪು ಅಂಚು ಕಾಣಬಾರದು ಅಂತಲೇ ಕಂಪನಿಯವರು ಚಿತ್ರವನ್ನು ಸ್ವಲ್ಪ ದೊಡ್ಡದು ಮಾಡಿ ಕಳಿಸುತ್ತಿದ್ದರು.

ಅರಸೀಕೆರೆ_ಜಂಕ್ಷನ್: ಕುಗ್ಗುತ್ತಿತ್ತಾ? ಉಲ್ಟಾ ಸಾರ್. ಬೆಳ್ಳಗಿನ ದೃಶ್ಯ ಬಂದರೆ ನಮ್ಮ ಟಿವಿಯಲ್ಲಿ ಚಿತ್ರ ಉಬ್ಬುತ್ತಿತ್ತು. ಆಗ ಟ್ಯೂಬಿನ ಹೈವೋಲ್ಟೇಜ್ ಇಳಿಯುತ್ತದೆ, ಅದು ಇಳಿದರೆ ಎಲೆಕ್ಟ್ರಾನ್ ಕಿರಣ ಜಾಸ್ತಿ ಬಾಗುತ್ತದೆ. ಪಿಯುಸಿ ಫಿಸಿಕ್ಸ್.

ಸೋಲ್ಡರ್_ಹಾಸನ: ಪಿಯುಸಿ ಓದಿ ಫ್ಲೈಬ್ಯಾಕ್ (ಆ ಹೈವೋಲ್ಟೇಜ್ ಕೊಡುವ ಟ್ರಾನ್ಸ್‌ಫಾರ್ಮರ್) ಬದಲಾಯಿಸಲು ಬರುವುದಿಲ್ಲ. ನಾನು ಹೇಳಿದ್ದು ಮನೆಗೆ ಬರುವ ಕರೆಂಟು. ಅದು ಇಳಿದರೆ ಕಿರಣ ಬಾಗಿಸುವ ಕಾಯಿಲ್‌ಗೇ ಬಲ ಸಾಲದು.

ಅರಸೀಕೆರೆ_ಜಂಕ್ಷನ್: ಆಮೇಲೆ ಬಂದ ಎಸ್‌ಎಂಪಿಎಸ್ (ಕರೆಂಟು ಏರಿಳಿದರೂ ಒಳಗಿನ ವೋಲ್ಟೇಜ್ ಸ್ಥಿರವಾಗಿಡುವ ಪವರ್ ಸಪ್ಲೈ) ಸೆಟ್‌ಗಳು 90 ವೋಲ್ಟಿಗೂ ಓಡುತ್ತಿದ್ದವು. ಅದರಲ್ಲಿ ಎಲ್ಲಿ ಕುಗ್ಗಿತು, ತೋರಿಸಿ.

ಸೋಲ್ಡರ್_ಹಾಸನ: “ಆಮೇಲೆ ಬಂದ”. ನಾನು ಮುಂಚಿನದರ ಮಾತಾಡುತ್ತಿದ್ದೇನೆ. ಬ್ಲ್ಯಾಕ್ ಆಂಡ್ ವೈಟ್ ಸೆಟ್ ಬಿಚ್ಚಿ ನೋಡಿದ್ದೀರಾ? ಇಲ್ಲ ತಾನೇ? ಸುಮ್ನಿರಿ.

ತೋಟದಮನೆ_ಮೂಡಿಗೆರೆ: ಅಣ್ಣಂದಿರಾ, ನಮ್ಮದು ಎಲ್‌ಇಡಿ ಟಿವಿ. ಪುಟ್ಟ ಅವರು ಹೇಳಿದ ಹೆಸರು ಯಾವುದೂ ಮೆನುವಿನಲ್ಲಿ ಕಾಣಲಿಲ್ಲ.

ಬೇಲೂರು_ಸ್ಟುಡಿಯೋ: ಕೇಳಿಸಿತಾ ಪುಟ್ಟ? ಎಲ್‌ಇಡಿಯಲ್ಲೂ ಕಟ್ ಆಗುತ್ತಿದೆ. “ಕಾರಣವೇ ಇಲ್ಲ” ಅಂದಿರಿ.

ಪಿಕ್ಸೆಲ್_ಪುಟ್ಟ: ಕಾರಣ ಇಲ್ಲ ಅಂದೆ. ಕಟ್ ಆಗುವುದಿಲ್ಲ ಅನ್ನಲಿಲ್ಲ. ಹಳೇ ಟೇಪು, ಹಳೇ ಪ್ರಸಾರದ ಅಂಚಿನಲ್ಲಿ ಗೆರೆ, ಗಲೀಜು ಇರುತ್ತದೆ. ಅದನ್ನು ಮುಚ್ಚುವ ಅಭ್ಯಾಸ ಕಂಪನಿಗಳು ಬಿಟ್ಟಿಲ್ಲ. ತೋಟದಮನೆಯವರೇ, ಎಚ್‌ಡಿಎಂಐ ಇನ್‌ಪುಟ್ ಹೆಸರನ್ನು ‘ಪಿಸಿ’ ಅಂತ ಬದಲಾಯಿಸಿ ನೋಡಿ. ಎಷ್ಟೋ ಟಿವಿ ಆಗ ಕತ್ತರಿಸುವುದಿಲ್ಲ.

ಡಿಕಾಕ್ಷನ್_ಚಿಕ್ಕಮಗಳೂರು: ಅಷ್ಟೆಲ್ಲ ಯಾಕೆ ಮಾರಾಯ್ರೇ? ಚಿತ್ರ ಚಿಕ್ಕದು ಮಾಡಿ ಸುತ್ತ ಕಪ್ಪು ಪಟ್ಟಿ ಹಾಕಿ ಎನ್ಕೋಡ್ ಮಾಡಿ. ವಿಸಿಡಿ ಕಾಲದಲ್ಲಿ 352×288ಕ್ಕೆ ಹಾಗೇ ಮಾಡುತ್ತಿದ್ದೆವು. ವಿಡಿಯೋ ಕುಗ್ಗಿಸುವ ಎಂಪೆಗ್ ವಿಧಾನ ಚಿತ್ರವನ್ನು 16×16 ಪಿಕ್ಸೆಲ್ ಚೌಕ ಮಾಡಿಕೊಳ್ಳುತ್ತದೆ. ಪಟ್ಟಿಯೂ 16 ಪಿಕ್ಸೆಲ್ ಇದ್ದರೆ ಆ ಚೌಕಗಳಿಗೆ ಬಿಟ್‌ರೇಟ್ (ಸೆಕೆಂಡಿಗೆ ಬಳಸುವ ಡೇಟಾ) ಖರ್ಚೇ ಇಲ್ಲದ ಹಾಗೆ.

ಪಿಕ್ಸೆಲ್_ಪುಟ್ಟ: “ವಿಸಿಡಿ ಕಾಲ”. ಅಯ್ಯೋ ದೇವರೇ. ಕತ್ತರಿಸದ ಟಿವಿಯಲ್ಲಿ ಹಾಕಿದರೆ ಗೋಡೆ ಫೋಟೋಗೆ ಕಟ್ಟು ಹಾಕಿದ ಹಾಗೆ ಕಾಣುತ್ತದೆ. ಆಗ ಯಾರನ್ನು ಬೈಯುತ್ತಾರೆ?

ತೋಟದಮನೆ_ಮೂಡಿಗೆರೆ: ‘ಪಿಸಿ’ ಅಂತ ಮಾಡಿದೆ. ಹೆಸರು ಪೂರ್ತಿ ಬಂತು!

ಪಿಕ್ಸೆಲ್_ಪುಟ್ಟ: ನಾನು ಮೊದಲೇ ಹೇಳಿದ್ದೆ.

ಬೇಲೂರು_ಸ್ಟುಡಿಯೋ: ಮೊದಲು ಹೇಳಿದ್ದು ಬೇರೆ. ಇರಲಿ, ಚಿಕ್ಕಪ್ಪ ಅವರ ಮನೆಯಲ್ಲಿ ಪೆನ್‌ಡ್ರೈವ್ ಹಾಕಿದ ಮೇಲೆ ಮತ್ತೆ ಇಲ್ಲಿಗೇ ಬರುತ್ತೀರಿ.

ಅರಸೀಕೆರೆ_ಜಂಕ್ಷನ್: ಸೋಲ್ಡರ್ ಸಾರ್, ಚಿತ್ರ ಉಬ್ಬಿದ್ದಕ್ಕೆ ನೀವಿನ್ನೂ ಉತ್ತರ ಕೊಟ್ಟಿಲ್ಲ.